ಅಪ್ಪ ಮತ್ತೆ ಮದುವೆಯಾದರೆ ಮಗಳ ಆರೋಗ್ಯ ವಿಮೆ ಯಾಕೆ ನಿಲ್ಲಬೇಕು? ಮಕ್ಕಳ ಹಕ್ಕುಗಳ ಆಯೋಗಕ್ಕೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ,
ಬೆಂಗಳೂರು.

ವಿಷಯ: ವಿಚ್ಛೇದನದ ನಂತರ ಪೋಷಕರು ಮರುಮದುವೆಯಾದಾಗ ಮೊದಲ ಮದುವೆಯ ಮಕ್ಕಳ ಜೀವನಾಂಶ ಮತ್ತು ಆರೋಗ್ಯ ವಿಮೆಗೆ ರಕ್ಷಣೆ ಕೋರಿ.

ಮಾನ್ಯರೇ,

ನಾನು ದಾವಣಗೆರೆಯವನು. ಇಲ್ಲಿನ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಈ ಪತ್ರ ಬರೆಯುತ್ತಿರುವುದು ನನ್ನ ತಂಗಿಯ ಮಗಳ ಪರವಾಗಿ. ಅವಳಿಗೆ ಈಗ 11 ವರ್ಷ. ನಾನು ಅವಳ ಸೋದರಮಾವ. ಅವಳ ಹೆಸರಾಗಲಿ, ಅವಳ ಅಪ್ಪನ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆ ಯಾವುದು, ಕಂಪನಿ ಯಾವುದು ಎಂಬುದೂ ಬೇಡ. ಯಾರೋ ಒಬ್ಬರ ಮಾನ ಕಳೆಯಲು ಬರೆದ ಪತ್ರ ಇದಲ್ಲ. ಅಪ್ಪನೋ ಅಮ್ಮನೋ ಇನ್ನೊಂದು ಮದುವೆಯಾದಾಗ ಮೊದಲ ಮದುವೆಯ ಮಗುವಿನ ಆರೋಗ್ಯ ವಿಮೆ ಯಾರಿಗೂ ಗೊತ್ತಾಗದಂತೆ ನಿಂತುಹೋಗಬಹುದು. ನಮ್ಮ ನಿಯಮಗಳು ಹಾಗೆ ಇವೆ. ಅವನ್ನು ಬದಲಾಯಿಸಲು ನೀವು ಮುಂದಾಗಬೇಕು ಎಂದು ಕೇಳಿಕೊಳ್ಳುತ್ತಿದ್ದೇನೆ.

ಹುಡುಗಿಗೆ ಏಳನೇ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಎಂದು ಗೊತ್ತಾಯಿತು. ಇದು ಸಿಹಿ ಜಾಸ್ತಿ ತಿಂದು ಬರುವ ಕಾಯಿಲೆ ಅಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ. ಮಾತ್ರೆಯಿಂದ ಆಗುವ ಕೆಲಸವಲ್ಲ. ಊಟಕ್ಕೆ ಮುಂಚೆ ಒಂದೊಂದು ಇಂಜೆಕ್ಷನ್, ರಾತ್ರಿ ಮತ್ತೊಂದು, ಜೀವನಪೂರ್ತಿ. ಬೆರಳು ಚುಚ್ಚಿ ಸಕ್ಕರೆ ನೋಡುವ ಸ್ಟ್ರಿಪ್, ಸೂಜಿ, ಫ್ರಿಜ್‌ನಲ್ಲಿ ಇಡುವ ಇನ್ಸುಲಿನ್, ಇದೆಲ್ಲ ತಿಂಗಳ ದಿನಸಿ ಪಟ್ಟಿಯಲ್ಲೇ ಸೇರಿಹೋಗಿದೆ. ಈ ದಿನನಿತ್ಯದ ಖರ್ಚನ್ನು ಸಾಮಾನ್ಯವಾಗಿ ಯಾವ ವಿಮೆಯೂ ಕೊಡುವುದಿಲ್ಲ. ಆಸ್ಪತ್ರೆಗೆ ಸೇರಿದರೆ ಮಾತ್ರ ವಿಮೆ ನೆರವಿಗೆ ಬರುತ್ತದೆ. ಇಂಥ ಮಗುವಿಗೆ ಒಂದು ಜ್ವರ ಬಂದರೂ ಸಾಕು, ಎರಡು ದಿನದಲ್ಲಿ ಐಸಿಯು ಸೇರುವ ಸ್ಥಿತಿ ಬರಬಹುದು.

ತಂಗಿಗೂ ಅವಳ ಗಂಡನಿಗೂ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಯಿತು. ಮೀಡಿಯೇಶನ್‌ನಲ್ಲಿ ಕೂತು ಮಾತಾಡಿ ಒಪ್ಪಂದ ಮಾಡಿಕೊಂಡರು. ಮಗು ತಾಯಿಯ ಹತ್ತಿರ ಇರಬೇಕು. ತಂದೆ ತಿಂಗಳಿಗಿಷ್ಟು ಜೀವನಾಂಶ ಕೊಡಬೇಕು. ಆಮೇಲೆ ಒಂದು ಸಾಲು: ಮಗುವಿನ ವಿದ್ಯಾಭ್ಯಾಸ ಮತ್ತು ವೈದ್ಯಕೀಯ ಖರ್ಚನ್ನು ತಂದೆ ಭರಿಸತಕ್ಕದ್ದು. ಅಷ್ಟೇ. ವಿಮೆಯ ಬಗ್ಗೆ ಒಂದು ಮಾತೂ ಅದರಲ್ಲಿಲ್ಲ. ಆಗ ಮಗುವಿನ ಹೆಸರು ಅಪ್ಪನ ಕಂಪನಿಯ ಗುಂಪು ವಿಮೆಯಲ್ಲಿ ಇತ್ತು. ಕಾರ್ಡ್ ತಂಗಿಯ ಪರ್ಸಿನಲ್ಲಿತ್ತು. ವಕೀಲರು ಕೇಳಲಿಲ್ಲ, ಮಧ್ಯಸ್ಥಿಕೆಯವರೂ ಕೇಳಲಿಲ್ಲ. ಅದನ್ನು ಕೇಳಬೇಕು ಎನ್ನುವ ರೂಢಿಯೇ ಅಲ್ಲಿರಲಿಲ್ಲ.

ಕೆಲವು ಸಮಯದ ನಂತರ ಮಗುವಿನ ಅಪ್ಪ ಮತ್ತೆ ಮದುವೆಯಾದರು. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ತಕರಾರಿಲ್ಲ. ಬದುಕು ಮುಂದೆ ಸಾಗಬೇಕು, ಅದು ಅವರ ಹಕ್ಕು. ಅವರು ಮದುವೆಯಾದ ಹೆಣ್ಣುಮಗಳಿಗೆ ಮೊದಲೇ ಒಬ್ಬ ಮಗನಿದ್ದ. ಆಮೇಲೆ ಇನ್ನೊಂದು ಮಗುವಾಯಿತು. ಕಂಪನಿಯ ಪಾಲಿಸಿಯಲ್ಲಿ ಉದ್ಯೋಗಿ, ಗಂಡ ಅಥವಾ ಹೆಂಡತಿ, ಮತ್ತು ಎರಡು ಮಕ್ಕಳಿಗೆ ಮಾತ್ರ ಜಾಗ. ವರ್ಷದ ಪಾಲಿಸಿ ನವೀಕರಣದ ಹೊತ್ತಿಗೆ ಎಚ್‌ಆರ್ ಪೋರ್ಟಲ್‌ನಲ್ಲಿ ಕುಟುಂಬದ ಹೆಸರುಗಳನ್ನು ಮತ್ತೆ ತುಂಬಬೇಕಿತ್ತು. ತುಂಬಿದರು. ನಮ್ಮ ಹುಡುಗಿಯ ಹೆಸರು ಹೊರಗೆ ಬಿತ್ತು.

ತಂಗಿಗೆ ಒಂದು ಮೆಸೇಜ್ ಕೂಡ ಬರಲಿಲ್ಲ. ಕಂಪನಿ ತಿಳಿಸಲಿಲ್ಲ, ವಿಮಾ ಕಂಪನಿ ತಿಳಿಸಲಿಲ್ಲ, ಅಪ್ಪನೂ ಹೇಳಲಿಲ್ಲ. ನಮಗೆ ಗೊತ್ತಾದದ್ದು ಆಸ್ಪತ್ರೆಯ ವಿಮೆ ಕೌಂಟರ್‌ನಲ್ಲಿ. ಜ್ವರ ಬಂದು, ಸಕ್ಕರೆ ಏರಿ, ವಾಂತಿ ಶುರುವಾಗಿತ್ತು. ಉಸಿರು ಜೋರಾಗಿ, ಮಗು ಅರೆನಿದ್ದೆಯಲ್ಲಿತ್ತು. ಮೈಯಲ್ಲಿ ಕೀಟೋನ್ ಸೇರಿ ರಕ್ತ ಆಮ್ಲವಾಗುತ್ತಿದೆ, ತಕ್ಷಣ ಐಸಿಯುಗೆ ಹಾಕಬೇಕು ಎಂದರು ಡಾಕ್ಟರ್. ತಂಗಿ ಒಳಗೆ ಮಗಳ ಜೊತೆ ಇದ್ದಳು. ಕಾರ್ಡ್ ಹಿಡಿದು ಕೌಂಟರ್‌ಗೆ ಹೋದವನು ನಾನು. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, 'ಸಾರ್, ಈ ಹೆಸರು ಪಾಲಿಸಿಯಲ್ಲಿ ಇಲ್ಲ' ಎಂದ. ಇನ್ನೊಮ್ಮೆ ನೋಡಪ್ಪ ಎಂದೆ. ನೋಡಿದ, ಇರಲಿಲ್ಲ. ಕ್ಯಾಶ್‌ಲೆಸ್ ಆಗುವುದಿಲ್ಲ, ಅಡ್ವಾನ್ಸ್ ಕಟ್ಟಬೇಕು ಎಂದರು. ಆ ದಿನ ತಂಗಿಯ ಬಳೆಗಳನ್ನು ಅಡ ಇಟ್ಟೆವು. ಮಗು ಬದುಕಿತು. ನಮ್ಮ ಪಾಲಿಗೆ ಅದೇ ದೊಡ್ಡದು.

ಮಗುವಿನ ಅಪ್ಪನಿಗೆ ಫೋನ್ ಮಾಡಿದಾಗ ಬಂದ ಉತ್ತರ ಇದು: 'ಎರಡೇ ಮಕ್ಕಳಿಗೆ ಅವಕಾಶ ಅಂದರು, ನಾನೇನು ಮಾಡಲಿ?' ಬಿಲ್ ಕೊಡುತ್ತೀರಾ ಎಂದು ಕೇಳಿದಾಗ, ಖಾಸಗಿ ಆಸ್ಪತ್ರೆಗೆ ಯಾಕೆ ಸೇರಿಸಿದಿರಿ, ನನ್ನನ್ನು ಯಾಕೆ ಕೇಳಲಿಲ್ಲ ಎಂದರು. ವೈದ್ಯಕೀಯ ಖರ್ಚು ಭರಿಸತಕ್ಕದ್ದು ಎಂಬ ಸಾಲಿನಲ್ಲಿ ಯಾವ ಆಸ್ಪತ್ರೆ, ಎಷ್ಟರವರೆಗೆ, ಎಷ್ಟು ದಿನದೊಳಗೆ ಎಂದು ಏನೂ ಇಲ್ಲವಲ್ಲ. ಅದಾದ ಮೇಲೆ ತಿಂಗಳ ಜೀವನಾಂಶವೂ ತಡವಾಗತೊಡಗಿತು. ಈಗ ಎರಡು ಸಂಸಾರ ನೋಡಬೇಕು ಎಂಬುದು ಅವರ ಮಾತು.

ಕಂಪನಿಯ ಎಚ್‌ಆರ್‌ಗೆ ಬರೆದೆವು. ಉದ್ಯೋಗಿ ಕೊಟ್ಟ ಹೆಸರುಗಳನ್ನಷ್ಟೇ ನಾವು ಕಳಿಸುತ್ತೇವೆ, ಉದ್ಯೋಗಿಯ ಮಾಹಿತಿಯನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದರು. ವಿಮಾ ಕಂಪನಿಯನ್ನು ಕೇಳಿದೆವು. ಕಂಪನಿ ಕಳಿಸಿದ ಪಟ್ಟಿಯೇ ನಮಗೆ ಅಂತಿಮ ಎಂದರು. ಯಾರೂ ತಮ್ಮ ನಿಯಮ ಮೀರಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತಿದೆ. ಎಲ್ಲರೂ ನಿಯಮದಂತೆ ನಡೆದರೂ ಒಂದು ಮಗುವಿನ ರಕ್ಷಣೆ ಹೋಯಿತು ಎಂದರೆ ನಿಯಮದಲ್ಲೇ ತಪ್ಪಿದೆ, ಅಲ್ವಾ?

ಬೇರೆ ದಾರಿ ಹುಡುಕಿದೆವು. ತಂಗಿ ಪ್ರೈವೇಟ್ ಶಾಲೆಯೊಂದರಲ್ಲಿ ಟೀಚರ್. ಅಲ್ಲಿ ಗುಂಪು ವಿಮೆ ಇಲ್ಲ. ನನ್ನ ಕಂಪನಿಯಲ್ಲಿ ಇದೆ. ಆದರೆ ತಂಗಿಯ ಮಗಳನ್ನು ನನ್ನ ಕುಟುಂಬ ಎಂದು ಪಾಲಿಸಿ ಒಪ್ಪುವುದಿಲ್ಲ. ಹೆಂಡತಿ, ಮಕ್ಕಳು, ತಂದೆತಾಯಿ, ಅಲ್ಲಿಗೆ ಮುಗಿಯಿತು. ಹೊರಗೆ ಹೊಸ ಪಾಲಿಸಿ ಕೊಳ್ಳಲು ಹೋದರೆ ಟೈಪ್ 1 ಎಂದು ಕೇಳಿದ ಕೂಡಲೇ ಅರ್ಜಿ ತಿರಸ್ಕಾರವಾಯಿತು. ಕೊಡಲು ಒಪ್ಪಿದರೂ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ, ಅಂದರೆ ಅಷ್ಟು ಕಾಲ ಆ ಕಾಯಿಲೆಯ ಖರ್ಚನ್ನು ವಿಮೆ ಕೊಡುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಈ ಅವಧಿಯ ಮಿತಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಆದರೂ ಮೂರು ವರ್ಷ! ಕಂಪನಿಗಳ ಗುಂಪು ವಿಮೆಯಲ್ಲಿ ಬಹುತೇಕ ಈ ಕಾಯುವಿಕೆ ಇರುವುದಿಲ್ಲ. ಕಾಯಿಲೆ ಇರುವ ಮಗುವಿಗೆ ಅದಕ್ಕೇ ಅದು ಅಷ್ಟು ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಒಳ್ಳೆಯ ನಿರ್ಧಾರ. ಆದರೆ ಪಾಲಿಸಿಯೇ ಸಿಗದ ಮಗುವಿಗೆ ಅದರಿಂದ ಏನೂ ಸಿಗಲಿಲ್ಲ.

ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಎಲ್ಲದಕ್ಕೂ ಆಧಾರ ರೇಷನ್ ಕಾರ್ಡ್. ನಮ್ಮ ಹುಡುಗಿಯ ಹೆಸರು ಇವತ್ತಿಗೂ ಅಪ್ಪನ ಎಪಿಎಲ್ ಕಾರ್ಡಿನಲ್ಲೇ ಇದೆ. ಆಧಾರ್ ಜೋಡಣೆ ಆಗಿರುವುದರಿಂದ ಒಂದು ಹೆಸರು ಎರಡು ಕಾರ್ಡಿನಲ್ಲಿ ಇರುವಂತಿಲ್ಲ. ಮೊದಲು ಅಪ್ಪನ ಕಾರ್ಡಿನಿಂದ ಹೆಸರು ತೆಗೆಸಿ ಬನ್ನಿ ಎಂದರು ಆಹಾರ ಇಲಾಖೆಯವರು. ತೆಗೆಸಬೇಕಾದವರು ಕಾರ್ಡಿನ ಮನೆಯವರು. ಅವರು ಫೋನೇ ಎತ್ತುವುದಿಲ್ಲ. ಕೋರ್ಟು ಮಗುವನ್ನು ತಾಯಿಯ ಸುಪರ್ದಿಗೆ ಕೊಟ್ಟ ಆದೇಶ ನಮ್ಮ ಕೈಯಲ್ಲಿದೆ. ಅದನ್ನು ತೋರಿಸಿದರೂ ಕೆಲಸವಾಗಲಿಲ್ಲ.

ಮಾನ್ಯರೇ, ಜೀವನಾಂಶದ ಹಣಕ್ಕೆ ನಮ್ಮ ಕಾನೂನಿನಲ್ಲಿ ಗಟ್ಟಿ ನೆಲೆಯಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಶಕ್ತಿಯಿದ್ದೂ ಮಗುವನ್ನು ನೋಡಿಕೊಳ್ಳದ ತಂದೆಯಿಂದ ಜೀವನಾಂಶ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ಮುಗಿಸಬೇಕು ಎಂದೂ ಅಲ್ಲೇ ಹೇಳಿದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 20ನೇ ಸೆಕ್ಷನ್ ತಂದೆಗೂ ತಾಯಿಗೂ ಈ ಹೊಣೆ ಹೊರಿಸುತ್ತದೆ. ಮುಸ್ಲಿಂ ಮಕ್ಕಳಿಗೂ 125ರ ಅಡಿ ಸ್ವತಂತ್ರ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ವಿಚ್ಛೇದಿತ ಹೆಂಡತಿ ಮರುಮದುವೆಯಾದರೆ ಅವಳ ಜೀವನಾಂಶ ನಿಲ್ಲಬಹುದು. ಆದರೆ ಮಗುವಿನದು ನಿಲ್ಲುವುದಿಲ್ಲ. ಗಂಡ ಮರುಮದುವೆಯಾದ ಎಂಬ ಕಾರಣಕ್ಕೂ ಮಗುವಿನ ಹೊಣೆ ಕಳಚಿಕೊಳ್ಳುವುದಿಲ್ಲ.

2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು ಎಂದಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಎಂದಿತು. ಮಗುವಿನ ಖರ್ಚು ಎಂದರೆ ಊಟ, ಬಟ್ಟೆ, ಮನೆ, ಶಿಕ್ಷಣದ ಜೊತೆಗೆ ವೈದ್ಯಕೀಯ ಖರ್ಚೂ ಸೇರುತ್ತದೆ ಎಂದೂ ಹೇಳಿತು. ಕೊಡದಿದ್ದರೆ ವಾರಂಟ್ ಇದೆ, ಬಾಕಿಯ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿದೆ. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಸು ನಡೆಸುವ ತಾಯಂದಿರಿಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ: 144ನೇ ಸೆಕ್ಷನ್ ಅಡಿ ಬಾಕಿ ವಸೂಲಿಗೆ ವಾರಂಟ್ ಬೇಕಾದರೆ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಕೊಡುತ್ತಾರೆ ಎಂದು ಸುಮ್ನೆ ಕಾಯುತ್ತ ಕೂರಬೇಡಿ.

ಇಷ್ಟೆಲ್ಲ ಇದ್ದೂ ಆರೋಗ್ಯ ವಿಮೆಯ ವಿಷಯದಲ್ಲಿ ಇವೆಲ್ಲ ಕೈಕೊಡುತ್ತವೆ. ಕಾರಣ ಸರಳ. ಜೀವನಾಂಶ ಬಾಕಿ ಬಿದ್ದರೆ ತಡವಾಗಿಯಾದರೂ ವಸೂಲಿ ಮಾಡಬಹುದು. ವಿಮೆ ತಪ್ಪಿದರೆ ಹಿಂದಿನ ತಾರೀಖಿನಿಂದ ಅದನ್ನು ಕೊಡಿಸಲು ಯಾವ ಕೋರ್ಟಿನಿಂದಲೂ ಆಗುವುದಿಲ್ಲ. ಮಗು ಐಸಿಯುನಲ್ಲಿರುವ ದಿನ ವಿಮೆ ಇರಬೇಕು. ಇಲ್ಲದಿದ್ದರೆ ಇಲ್ಲ. ಮೂರು ವರ್ಷದ ನಂತರ ಬರುವ ತೀರ್ಪು ಆ ರಾತ್ರಿ ಕಟ್ಟಬೇಕಾದ ಅಡ್ವಾನ್ಸಿಗೆ ಆಗುವುದಿಲ್ಲ. ಹಾಗಾಗಿ ವಿಮೆಯನ್ನು ಹಣದ ಖಾತೆಯ ಒಂದು ಭಾಗ ಎಂದು ನೋಡಬಾರದು. ಅದು ಮುರಿಯುವುದಕ್ಕೆ ಮುಂಚೆಯೇ ಕಾಪಾಡಬೇಕಾದ ವಿಷಯ.

ಹಾಗೆ ಕಾಪಾಡುವುದು ಆಗದ ಕೆಲಸವೇನಲ್ಲ. ಅಮೆರಿಕದಲ್ಲಿ 1993ರಲ್ಲಿ ಇದಕ್ಕೆಂದೇ ಕಾನೂನು ಮಾಡಿದರು. ಅಲ್ಲಿ ಮಗುವಿನ ವೈದ್ಯಕೀಯ ರಕ್ಷಣೆಗೆ ಕೋರ್ಟು ಅಥವಾ ಸರ್ಕಾರದ ಏಜೆನ್ಸಿ ಮಾಡಿದ ಆದೇಶ ನೇರವಾಗಿ ಉದ್ಯೋಗದಾತರ ಆರೋಗ್ಯ ಯೋಜನೆಗೆ ಹೋಗುತ್ತದೆ. ಆದೇಶ ನಿಯಮಕ್ಕೆ ತಕ್ಕಂತಿದ್ದರೆ ಮಗುವನ್ನು ಸೇರಿಸಲೇಬೇಕು. ಮಗು ಆ ಉದ್ಯೋಗಿಯ ಮನೆಯಲ್ಲಿ ಇಲ್ಲ ಎಂಬುದು ನೆಪವಾಗುವುದಿಲ್ಲ. ಅಪ್ಪ ಅಮ್ಮ ಮದುವೆಯೇ ಆಗಿರಲಿಲ್ಲ ಎಂಬುದೂ ನೆಪವಾಗುವುದಿಲ್ಲ. ಅಲ್ಲಿ ಕೆಲಸ ಮಾಡುವ ಕನ್ನಡಿಗ ಅಪ್ಪಂದಿರಿಗೂ ಇದೇ ನಿಯಮ. ಅಮೆರಿಕದ ಆಸ್ಪತ್ರೆ ವ್ಯವಸ್ಥೆ ನಮಗೆ ಬೇಕು ಎಂದು ನಾನು ಹೇಳುತ್ತಿಲ್ಲ. ಈ ಒಂದು ಏರ್ಪಾಡು ಮಾತ್ರ ನ್ಯಾಯವಾದದ್ದು.

ಇದಕ್ಕೆ ಬೇಕಾದ ಕೊಂಡಿ ನಮ್ಮಲ್ಲೂ ಇದೆ. ಜೀವನಾಂಶ ಬಾಕಿಗೆ ಸಂಬಳ ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ, ಖಾಸಗಿ ಕಂಪನಿಯ ಉದ್ಯೋಗಿಯ ಸಂಬಳವನ್ನೂ ಸೇರಿಸಿ. ಸಂಬಳ ಕತ್ತರಿಸಿ ಕಳಿಸು ಎಂದು ಕೋರ್ಟು ಕಂಪನಿಗೆ ಹೇಳಬಹುದಾದರೆ, ಮಗುವಿನ ಹೆಸರನ್ನು ವಿಮೆಯಿಂದ ತೆಗೆಯಬೇಡ ಎಂದು ಅದೇ ಕಂಪನಿಗೆ ಯಾಕೆ ಹೇಳಬಾರದು?

ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆ, 2005 ನಿಮಗೆ ಇಂಥದ್ದನ್ನು ಪರಿಶೀಲಿಸಿ ಸರ್ಕಾರಕ್ಕೆ ಶಿಫಾರಸು ಮಾಡುವ ಕೆಲಸ ಕೊಟ್ಟಿದೆ. ವಿಚಾರಣೆ ನಡೆಸುವಾಗ ಸಿವಿಲ್ ಕೋರ್ಟಿನ ಅಧಿಕಾರಗಳೂ ನಿಮಗಿವೆ. ಅದಕ್ಕೇ ಈ ಪತ್ರವನ್ನು ನಿಮಗೆ ಬರೆದೆ.

ನನ್ನ ಮೊದಲ ಬೇಡಿಕೆ ಕೌಟುಂಬಿಕ ನ್ಯಾಯಾಲಯಗಳು ಮತ್ತು ಮಧ್ಯಸ್ಥಿಕೆ ಕೇಂದ್ರಗಳ ಕುರಿತು. ಹೈಕೋರ್ಟ್‌ಗೆ ಮನವಿ ಮಾಡಿ, ಮಕ್ಕಳಿರುವ ಪ್ರತಿ ವಿಚ್ಛೇದನ ಒಪ್ಪಂದದಲ್ಲಿ ಆರೋಗ್ಯ ವಿಮೆಗೆ ಪ್ರತ್ಯೇಕ ಷರತ್ತು ಇರುವಂತೆ ಮಾಡಿಸಿ. ಮಗು ಯಾವ ಪಾಲಿಸಿಯಲ್ಲಿದೆ, ಕಂತು ಯಾರು ಕಟ್ಟುತ್ತಾರೆ, ಪ್ರತಿ ವರ್ಷ ಹೊಸ ಕಾರ್ಡ್ ಮಗುವನ್ನು ಸಾಕುವವರಿಗೆ ಎಷ್ಟು ದಿನದಲ್ಲಿ ತಲುಪಬೇಕು, ಕೆಲಸ ಬಿಟ್ಟರೆ ಅಥವಾ ಮರುಮದುವೆಯಾದರೆ ಏನು ಎಂದು ಅದರಲ್ಲಿ ಬಿಡಿಸಿ ಬರೆಯಬೇಕು. ಹೆಸರು ತೆಗೆದವರು ಅಷ್ಟೇ ಮೊತ್ತದ ಬೇರೆ ರಕ್ಷಣೆ ಕೊಡಿಸಬೇಕು. ಆಗದಿದ್ದರೆ ಆಸ್ಪತ್ರೆಯ ಬಿಲ್ಲನ್ನು ತಾವೇ ಪೂರ್ತಿ ಕಟ್ಟಬೇಕು. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಒಂದು ಮಾದರಿ ನಮೂನೆ ಸಾಕು. ಈ ಮಾತು ತಂದೆಯರಿಗೆ ಮಾತ್ರ ಅಲ್ಲ. ನನಗೆ ಗೊತ್ತಿರುವ ಒಬ್ಬರು ಮಗನನ್ನು ಒಂಟಿಯಾಗಿ ಸಾಕುತ್ತಿದ್ದಾರೆ. ಒಳ್ಳೆಯ ನೌಕರಿಯಲ್ಲಿರುವ ತಾಯಿ ಬೇರೆ ಊರಲ್ಲಿ ಮರುಮದುವೆಯಾಗಿದ್ದಾರೆ. ಆ ಹುಡುಗನಿಗೂ ಇದೇ ರಕ್ಷಣೆ ಸಿಗಬೇಕು.

ಎರಡನೆಯದು ವಿಮೆಯವರು ಮತ್ತು ಉದ್ಯೋಗದಾತರ ವಿಷಯ. ಹೈದರಾಬಾದ್‌ನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ನೀವು ಬರೆಯಬೇಕು. ಗುಂಪು ವಿಮೆಯಿಂದ 18 ವರ್ಷದೊಳಗಿನ ಮಗುವಿನ ಹೆಸರು ತೆಗೆಯುವ ಮುಂಚೆ ಮಗುವನ್ನು ಸಾಕುತ್ತಿರುವವರಿಗೆ ಕನಿಷ್ಠ 30 ದಿನ ಮೊದಲು ತಿಳಿಸುವುದು ಕಡ್ಡಾಯವಾಗಲಿ. ಗುಂಪು ವಿಮೆ ಬಿಡುವಾಗ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ದಾಟುವ ಅವಕಾಶ ನಿಯಮದಲ್ಲಿದೆ. ಕಾದ ಅವಧಿಯ ಲೆಕ್ಕವೂ ಅಲ್ಲಿಗೆ ಸೇರುತ್ತದೆ. ಆದರೆ ಹೆಸರು ಹೋದದ್ದೇ ಗೊತ್ತಾಗದಿದ್ದರೆ ಅರ್ಜಿ ಹಾಕುವುದು ಹೇಗೆ? ನಮಗೆ ಒಂದು ತಿಂಗಳ ಮುಂಚೆ ಗೊತ್ತಾಗಿದ್ದರೆ ತಂಗಿ ಸಾಲ ಮಾಡಿಯಾದರೂ ಆ ಪಾಲಿಸಿಗೆ ಹಣ ಕಟ್ಟುತ್ತಿದ್ದಳು.

ಎರಡೇ ಮಕ್ಕಳು ಎಂಬ ಮಿತಿಯ ಬಗ್ಗೆಯೂ ಹೇಳಲೇಬೇಕು. ಮರುಮದುವೆಯಾದ ಸಂಸಾರದಲ್ಲಿ ಮೂರು, ನಾಲ್ಕು ಮಕ್ಕಳಿರುವುದು ಸಹಜ. ಹೊಸ ಹೆಂಡತಿಯ ಮಗನ ಮೇಲೆ, ಈಗ ಹುಟ್ಟಿದ ಕೂಸಿನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರಿಗೂ ವಿಮೆ ಇರಬೇಕು. ಒಂದು ಮಗುವಿಗೆ ಜಾಗ ಕೊಡಲು ಇನ್ನೊಂದನ್ನು ಇಳಿಸುವ ನಿಯಮವನ್ನು ತೆಗೆಯಿರಿ ಎಂದಷ್ಟೇ ಕೇಳುತ್ತೇನೆ. ಹೆಚ್ಚುವರಿ ಕಂತು ತೆಗೆದುಕೊಂಡು ಮೂರನೇ ಮಗುವನ್ನು ಸೇರಿಸಿಕೊಳ್ಳಲಿ. ಆ ಕಂತನ್ನು ಸಂಬಳದಿಂದ ಹಿಡಿಯಲಿ.

ಮೂರನೆಯದು ನಮ್ಮ ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಕೆಲಸ. ಕೋರ್ಟಿನ ಸುಪರ್ದಿ ಆದೇಶ ತೋರಿಸಿದರೆ ಸಾಕು, ಮಗುವಿನ ಹೆಸರು ಸಾಕುವವರ ರೇಷನ್ ಕಾರ್ಡಿಗೆ ಬರಬೇಕು. ಇನ್ನೊಬ್ಬರ ಸಹಿ, ಒಪ್ಪಿಗೆ, ಓಟಿಪಿ ಯಾವುದೂ ಬೇಕಾಗಬಾರದು. ಆಹಾರ ಇಲಾಖೆಯ ಒಂದು ಸುತ್ತೋಲೆಯಿಂದ ಇದು ಆಗುತ್ತದೆ. ಇದಾದರೆ ಆರೋಗ್ಯ ಯೋಜನೆಯ ಬಾಗಿಲೂ ತಾನಾಗಿ ತೆರೆಯುತ್ತದೆ. ತಂಗಿಯ ಸಂಬಳಕ್ಕೆ ಯಾವ ಕಾರ್ಡ್ ಸಿಗಬೇಕೋ ಅದೇ ಸಿಗಲಿ, ವಿಶೇಷವಾಗಿ ಏನೂ ಬೇಡ. ಅಪ್ಪನ ಆದಾಯದ ಲೆಕ್ಕದಲ್ಲಿ ಮಗಳನ್ನು ಎಪಿಎಲ್ ಎನ್ನುತ್ತಾರೆ, ಆ ಆದಾಯ ಮಾತ್ರ ಮಗಳನ್ನು ತಲುಪುವುದಿಲ್ಲ. ಈ ಅನ್ಯಾಯ ನಿಲ್ಲಬೇಕು.

ನಮ್ಮ ಮನೆಯ ಪ್ರಕರಣ ಈಗ ಕೋರ್ಟಿನಲ್ಲಿದೆ. ಅದರಲ್ಲಿ ನೀವು ಕೈಹಾಕಿ ಎಂದು ಕೇಳುತ್ತಿಲ್ಲ. ಇಂಥ ಎಷ್ಟು ಮಕ್ಕಳಿದ್ದಾರೆ ಎಂದು ಯಾರೂ ಲೆಕ್ಕ ಇಟ್ಟಂತೆ ಕಾಣುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳ ಮೂಲಕ ನೀವು ಆ ಮಾಹಿತಿ ತರಿಸಬಹುದು. ಒಂದು ದಿನ ಸಾರ್ವಜನಿಕ ಅಹವಾಲು ಸಭೆ ಕರೆಯಿರಿ. ಮಕ್ಕಳನ್ನು ಒಂಟಿಯಾಗಿ ಸಾಕುತ್ತಿರುವ ತಾಯಂದಿರು, ತಂದೆಯರು, ಅಜ್ಜಿ ತಾತಂದಿರು ಬಂದು ಹೇಳುತ್ತಾರೆ. ಕಾರ್ಮಿಕ ಇಲಾಖೆ, ಆಹಾರ ಇಲಾಖೆ, ಆರೋಗ್ಯ ಇಲಾಖೆಯ ಅಧಿಕಾರಿಗಳನ್ನೂ ವಿಮಾ ಕಂಪನಿಗಳ ಪ್ರತಿನಿಧಿಗಳನ್ನೂ ಅದೇ ಸಭೆಯಲ್ಲಿ ಕೂರಿಸಿ.

ಒಪ್ಪಂದದ ಪ್ರತಿ, ವಿಮಾ ಕಂಪನಿಯ ಇಮೇಲ್, ಆಸ್ಪತ್ರೆಯ ಬಿಲ್ಲು, ಸುಪರ್ದಿ ಆದೇಶ ಎಲ್ಲ ನಮ್ಮ ಬಳಿ ಇವೆ. ಆಯೋಗ ಕೇಳಿದರೆ ಮಗುವಿನ ಗುರುತು ಹೊರಗೆ ಬರದಂತೆ ಅವನ್ನು ಒಪ್ಪಿಸಲು ನಾನೂ ತಂಗಿಯೂ ಸಿದ್ಧ. ಈ ಪತ್ರವನ್ನು ಸ್ವಯಂಪ್ರೇರಿತ ದೂರು ದಾಖಲಿಸಿಕೊಳ್ಳಲು ಆಧಾರವಾಗಿ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂದು ದಯವಿಟ್ಟು ಲಿಖಿತವಾಗಿ ತಿಳಿಸಿ. ಮುಂದಿನ ಏಪ್ರಿಲ್‌ನಲ್ಲಿ ಅನೇಕ ಕಂಪನಿಗಳ ಪಾಲಿಸಿಗಳು ಮತ್ತೆ ನವೀಕರಣಗೊಳ್ಳುತ್ತವೆ. ಅಷ್ಟರೊಳಗೆ ಕನಿಷ್ಠ 30 ದಿನದ ನೋಟಿಸಿನ ಶಿಫಾರಸಾದರೂ ನಿಮ್ಮಿಂದ ಹೊರಡಬೇಕು ಎಂಬುದು ನಮ್ಮ ಕೋರಿಕೆ.

ಗೌರವದೊಂದಿಗೆ,
ಒಬ್ಬ ಸೋದರಮಾವ,
ದಾವಣಗೆರೆ